ರಸ್ಕಿನ ಡಬ್ಬಿಯೊಳಗಿನ ಪ್ರಶ್ನೆಗಳು

"ಏನರ ಡೌಟ್ ಅದಾವೇನ್ರಿ?" ಎಂದು ಕೇಳಿದೆ. ಇಪ್ಪತ್ತು ಮಂದಿ ದೊಡ್ಡವರಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಮುಂದಿನ ಸಾಲಿನ ಹೆಂಗಸೊಬ್ಬರು ರಸ್ಕಿನ ಹಳೆಯ ಡಬ್ಬಿಯೊಂದನ್ನು ಸದ್ದಿಲ್ಲದೆ ನನ್ನತ್ತ ತಳ್ಳಿದರು. ಮುಚ್ಚಳದಲ್ಲಿ ಸೀಳು. ಒಳಗೆ ಮಡಿಸಿದ ಚೀಟಿಗಳು, ಯಾವುದರಲ್ಲೂ ಹೆಸರಿಲ್ಲ.

ಬೆಂಗಳೂರಿನ ಕೋಣನಕುಂಟೆಯ ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ನಡೆಯುವ ಇಂಗ್ಲಿಷ್ ಕ್ಲಾಸಿನಲ್ಲಿ ಅದು ನನ್ನ ಮೊದಲ ಸಂಜೆ. ಯಾದಗಿರಿಯ ಶಾಲೆಯಲ್ಲಿ ಹನ್ನೊಂದು ವರ್ಷ ಇಂಗ್ಲಿಷ್ ಕಲಿಸಿ, ಗಂಡನಿಗೆ ವರ್ಗವಾಯಿತೆಂದು ಬಂದವಳು ನಾನು. ಅಲ್ಲಿ ನನ್ನ ತರಗತಿಯಲ್ಲಿ ಪ್ರಶ್ನೆ ಕೇಳುವ ಮಗು ಎದ್ದು ನಿಲ್ಲುತ್ತಿತ್ತು, ಉಳಿದವರು ಚಪ್ಪಾಳೆ ತಟ್ಟುತ್ತಿದ್ದರು. ಆ ಪದ್ಧತಿ ತಂದವಳು ನಾನೇ. ಅದರ ಬಗ್ಗೆ ನನಗೆ ಹೆಮ್ಮೆಯಿತ್ತು.

ಚೀಟಿಗಳನ್ನು ಬಿಚ್ಚಿದೆ. 'ಐ ಆಮ್ ಹ್ಯಾವಿಂಗ್ ಟೂ ಚಿಲ್ಡ್ರನ್ ಅಂದ್ರೆ ಮಗ ನಗ್ತಾನೆ, ಯಾಕೆ?' 'ಡಿಡ್ ಬಂದ್ಮೇಲೆ ವೆಂಟ್ ಯಾಕೆ ಬರಲ್ಲ?' 'ಸಿನ್ಸ್ ಯಾವಾಗ, ಫಾರ್ ಯಾವಾಗ? ಮೂರನೇ ಸಲ ಕೇಳ್ತಿದೀನಿ, ಸಾರಿ.'

ಆ ದಿನಗಳಲ್ಲಿ ನಾನೂ ಹೆಸರಿಲ್ಲದ ಚೀಟಿಯಂತೆಯೇ ಇದ್ದೆ. ಬಾಯಿ ತೆರೆದರೆ ಸಾಕು, "ಮೇಡಂ ಹುಬ್ಳಿಯೋರಾ?" ಎನ್ನುತ್ತಿದ್ದರು. ತುಮಕೂರು ದಾಟಿದರೆ ಇವರಿಗೆ ಎಲ್ಲವೂ ಹುಬ್ಬಳ್ಳಿಯೇ. ನಾವು ಪ್ಲಾಟು ಎನ್ನುವ ಖಾಲಿ ಜಾಗ ಇಲ್ಲಿ ಸೈಟು. ಸಾರಿಗೆ ಬೆಲ್ಲ ಹಾಕುತ್ತಾರೆ. ಎರಡು ತಿಂಗಳ ಕಾಲ ನಾನು ಹೆಚ್ಚು ಮಾತನಾಡಿದ್ದು ಸೊಪ್ಪಿನ ಅಕ್ಕನ ಜೊತೆ. ಅವರು ನನ್ನ ಮಾತು ಕೇಳುವುದಕ್ಕೆಂದೇ ಒಂದು ಕಟ್ಟು ಮೆಂತ್ಯ ಹೆಚ್ಚು ಕೊಡುತ್ತಿದ್ದರು.

ತಪ್ಪು ಮಾಡಿದ್ದು ಮೂರನೇ ವಾರ. ಚೀಟಿಯೊಂದರಲ್ಲಿ ಹೀಗಿತ್ತು: 'ರಿಜಿಸ್ಟರ್‌ನಲ್ಲಿ ಲಿಫ್ಟ್ ಈಸ್ ನಾಟ್ ವರ್ಕಿಂಗ್ ಬರೀಬೇಕಾ, ಡಸ್ ನಾಟ್ ವರ್ಕ್ ಬರೀಬೇಕಾ?' ದುಂಡಗಿನ ಅಕ್ಷರ ನೋಡಿದ ಕೂಡಲೇ ಯಾರದೆಂದು ಗುರುತು ಸಿಕ್ಕಿತು. ಪುಟ್ಟೇನಹಳ್ಳಿಯ ಅಪಾರ್ಟ್‌ಮೆಂಟ್ ಒಂದರಲ್ಲಿ ಕಸ ಗುಡಿಸುವವರ ಮೇಲ್ವಿಚಾರಣೆ ಮಾಡುವ ಮಂಜುಳಕ್ಕನದು. ನನಗೆ ಅಭಿಮಾನ ಉಕ್ಕಿತು. "ಎಂಥಾ ಚೊಲೊ ಪ್ರಶ್ನಿ! ಮಂಜುಳಕ್ಕ, ಎದ್ದು ನಿಲ್ರಿ. ಎಲ್ಲಾರೂ ಚಪ್ಪಾಳಿ ಹೊಡೀರಿ!" ಎಂದೆ.

ಮಂಜುಳಕ್ಕ ಹಸಿರು ಸೀರೆ ಉಟ್ಟು ಎದ್ದು ನಿಂತದ್ದು ನನಗೆ ನೆನಪಿದೆ. ಆದರೆ ಅವರು ಕೆಲಸದ ನೀಲಿ ಯೂನಿಫಾರಂನಲ್ಲೇ ಬರುತ್ತಿದ್ದರು. ಹಾಗಾಗಿ ಆ ಸೀರೆ ಸುಳ್ಳು. ಚಪ್ಪಾಳೆ ಬಿತ್ತೋ ಇಲ್ಲವೋ, ಅದನ್ನೂ ಖಚಿತವಾಗಿ ಹೇಳಲಾರೆ. ಮೊದಲ ದಿನ ಡಬ್ಬಿ ತಳ್ಳಿದ್ದ ಮುಂದಿನ ಸಾಲಿನ ಸುಧಾ ಆಂಟಿಯನ್ನು ಅವರು ಒಮ್ಮೆ ನೋಡಿ, ಚೀಲ ಎತ್ತಿಕೊಂಡು ಹೊರಟುಹೋದದ್ದು ಮಾತ್ರ ನಿಜ. ಮುಂದಿನ ಎರಡು ಕ್ಲಾಸಿಗೂ ಬರಲಿಲ್ಲ.

ಪುಟ್ಟೇನಹಳ್ಳಿ ಕೆರೆಯ ಬೇಲಿಯ ಪಕ್ಕ ಅವರು ಟೀ ಕುಡಿಯುವ ಹೊತ್ತಿಗೆ ಹೋಗಿ ಹಿಡಿದೆ.

"ತಪ್ಪಾತ್ರಿ ಮಂಜುಳಕ್ಕ. ನಮ್ಮ ಕಡಿ ಪ್ರಶ್ನಿ ಕೇಳಿದವರಿಗೆ ಚಪ್ಪಾಳಿ ಹೊಡಿತೀವಿ."

"ನಿಮ್ಮ ಕಡೆ ಮಕ್ಳಿಗೆ ಹೊಡೀತೀರ ಮೇಡಂ. ನಂಗೆ ನಲವತ್ತಾರು. ಸುಧಾ ಆಂಟಿ ನಮ್ಮ ಅಪಾರ್ಟ್‌ಮೆಂಟ್ ಕಮಿಟಿಲಿದಾರೆ. ಇಂಗ್ಲಿಷ್ ಬರತ್ತೆ ಅಂತ ಹೇಳಿ ಸೂಪರ್‌ವೈಸರ್ ಆದೆ ನಾನು. ಕ್ಲಾಸಿಗೆ ಬರೋದು ಬರೀ ಮಾತು ಸುಧಾರಿಸೋಕೆ ಅಂದಿದ್ದೆ ಅವ್ರಿಗೆ, ರಿಜಿಸ್ಟರ್ ಬರೆಯೋಕೂ ಬರಲ್ಲ ಅಂತ ಈಗ ಗೊತ್ತಾಯ್ತು. ಒಂದನೇ ತಾರೀಖು ಪರ್ಮನೆಂಟ್ ಮಾಡ್ತೀವಿ ಅಂದಿದ್ರು. ಈಗ ವಾಪಸ್ ಪೊರಕೆ ಕೊಡ್ತಾರೆ, ನೋಡ್ತಿರಿ."

"ಅವರು ಏನರ ಅಂದ್ರೇನು?"

"ಏನೂ ಅಂದಿಲ್ಲ. ಅದೇ ಭಯ."

"ನಾ ಹೋಗಿ ಅವರ ಜೋಡಿ ಮಾತಾಡ್ಲೇನು?"

"ಅಯ್ಯಪ್ಪಾ ಬೇಡ! ಅಲ್ಲೂ ಚಪ್ಪಾಳೆ ಹೊಡಿಸ್ಬಿಡ್ತೀರ."

ಇಬ್ಬರೂ ನಕ್ಕೆವು. ಇವತ್ತೊಂದು ದಿನ ಬಂದು ನೋಡುತ್ತೇನೆ, ಹಿಂದೆ ಕೂರುತ್ತೇನೆ ಎಂದರು.

ಆ ಸಂಜೆ ಎಲ್ಲರಿಗಿಂತ ಮೊದಲು ಹೋಗಿ ಡಬ್ಬಿಗೆ ನಾನೂ ಒಂದು ಚೀಟಿ ಹಾಕಿದೆ. ಕ್ಲಾಸು ತುಂಬಿದ ಮೇಲೆ ಅದನ್ನು ಹುಡುಕಿ ತೆಗೆದು ಓದಿದೆ: 'ದ (the) ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು? ಹನ್ನೊಂದು ವರ್ಷದಿಂದ ಕಲಿಸುತ್ತಿದ್ದೇನೆ. ಇವತ್ತಿಗೂ ಎಷ್ಟೋ ಕಡೆ ಕಿವಿಗೆ ಸರಿ ಅನ್ನಿಸಿದಂತೆ ಹಾಕುತ್ತೇನೆ.'

"ಇದು ನಂದ್ರಿ," ಎಂದೆ.

"ಅಯ್ಯೋ ರಾಮ, ನಿಮ್ಗೂ ಗೊತ್ತಿಲ್ವಾ?" ಎಂದರು ಸುಧಾ ಆಂಟಿ. "ಹಂಗಾದ್ರೆ ನಾನೂ ಹೇಳ್ಬಿಡ್ತೀನಿ. ಆ ಸಿನ್ಸ್-ಫಾರ್ ಚೀಟಿ ನಂದೇ. ಮೂರು ಸಲಾನೂ." ಆಮೇಲೆ ಹಿಂದಕ್ಕೆ ತಿರುಗಿ, "ಮಂಜುಳಾ, ನಿನ್ನ ರಿಜಿಸ್ಟರ್ ದಿನಾ ಓದೋದು ನಾನೇ ಕಣೆ. ಲಿಫ್ಟ್ ಕೆಟ್ಟಿದೆ ಅಂತ ಅರ್ಥ ಆಯ್ತು, ಮೆಕ್ಯಾನಿಕ್ ಬಂದ. ಇನ್ನೇನ್ ಬೇಕು?"

"ಹಂಗಾದ್ರೆ ಒಂದನೇ ತಾರೀಖು, ಆಂಟಿ..."

"ಅದು ಹೋದ ವಾರಾನೇ ಸೈನ್ ಆಯ್ತು. ನೀನು ಮುಖ ತೋರ್ಸಿದ್ರೆ ತಾನೆ ಹೇಳೋದು!"

ಎಲ್ಲವೂ ಇಷ್ಟು ಅಚ್ಚುಕಟ್ಟಾಗಿ ನಡೆಯಿತೇ? ಮಂಜುಳಕ್ಕ ಹೇಳುವುದು ಬೇರೆ. ಸೈನ್ ಆದ ಸುದ್ದಿಯನ್ನು ಆಂಟಿ ತಿಳಿಸಿದ್ದು ಎರಡು ದಿನದ ನಂತರವಂತೆ, ಕೆಳಗಿನ ಬೇಕರಿಯಲ್ಲಿ, ದಿಲ್‌ಪಸಂದ್ ತಿನ್ನುತ್ತ. ಇರಬಹುದು. ನನ್ನ ನೆನಪು ಎರಡು ಸಂಜೆಗಳನ್ನು ಒಂದಾಗಿ ಹೊಲಿದಿದೆ. ಬಿಚ್ಚಲು ಮನಸ್ಸಿಲ್ಲ. ಮಂಜುಳಕ್ಕ ಈಗ ಪರ್ಮನೆಂಟ್. ಇವತ್ತಿಗೂ ಚೀಟಿಯನ್ನೇ ಹಾಕುತ್ತಾರೆ, ಹೆಸರಿಲ್ಲದೆ, ಅದೇ ದುಂಡು ಅಕ್ಷರದಲ್ಲಿ. ನಾನು ಗುರುತು ಸಿಗದವಳಂತೆ ಓದುತ್ತೇನೆ.

ಕಳೆದ ತಿಂಗಳು ಊರಿಗೆ ಬಂದಿದ್ದೆ. ಹೋಗಿದ್ದೆ ಎಂದು ಬರೆಯಬೇಕೋ ಏನೋ. ಹಳೆಯ ಶಾಲೆಯಲ್ಲಿ ಗೆಳತಿ ಟೀಚರ್ ಒಬ್ಬರು, "ಏನ್ರೀ, ಮಾತು ಬೆಂಗ್ಳೂರಿಂದು ಆಗ್ಯದಲ್ಲ!" ಎಂದು ಕಾಡಿಸಿ, ತಮ್ಮ ಕ್ಲಾಸನ್ನು ಅರ್ಧ ಗಂಟೆ ನನಗೆ ಬಿಟ್ಟುಕೊಟ್ಟರು. ಡೌಟ್ ಇದೆಯೇ ಎಂದೆ. ಮುಂದಿನ ಸಾಲುಗಳಲ್ಲಿ ಕೈಗಳೆದ್ದವು. ಮಕ್ಕಳು ಎದ್ದು ನಿಂತರು, ಚಪ್ಪಾಳೆಯೂ ಬಿತ್ತು. ಕೊನೆಯ ಸಾಲಿನವರು ತಲೆ ಬಗ್ಗಿಸಿ ಕುಳಿತಿದ್ದರು. ಹನ್ನೊಂದು ವರ್ಷ ಆ ಸಾಲಿಗೆ ಡೌಟೇ ಇಲ್ಲವೆಂದು ನಾನು ತಿಳಿದಿದ್ದೆ.

ಚೀಲದಲ್ಲಿದ್ದ ರೊಟ್ಟಿಯ ಡಬ್ಬಿಯನ್ನು ಖಾಲಿ ಮಾಡಿ, ಒರೆಸಿ, ಹೆಸರು ಬರೆಯದೆ ಡೌಟ್ ಹಾಕಿ ಎಂದು ಹೇಳಿ, ಮೇಜಿನ ಮೇಲೆ ಬಿಟ್ಟುಬಂದೆ. ಅದರಲ್ಲಿ ಚೀಟಿ ಬಿದ್ದಿದೆಯೋ ಎಂದು ಈಗ ಕೋಣನಕುಂಟೆಯಲ್ಲಿ ಕುಳಿತು ಯೋಚಿಸುತ್ತೇನೆ. ಇಲ್ಲಿ ಮಾತ್ರ, ರಸ್ಕಿನ ಡಬ್ಬಿ ತೆರೆಯುವ ಮೊದಲು, ಯಾರಾದರೂ ಎದ್ದು ನಿಲ್ಲುತ್ತಾರೇನೋ ಎಂದು ಒಂದು ಗಳಿಗೆ ಕಾಯುತ್ತೇನೆ.