ಅಡ್ಡಗೆರೆಯಿಲ್ಲದ ಸೈಕಲ್

2002ರಲ್ಲಿ ನಾನು ಪಶ್ಚಿಮ ಲಂಡನ್ನಿನ ಒಂದು ಕೌನ್ಸಿಲ್‌ನ ರಸ್ತೆ ಸುರಕ್ಷತಾ ವಿಭಾಗದಲ್ಲಿ ಕಿರಿಯ ಇಂಜಿನಿಯರ್ ಆಗಿದ್ದೆ. ಅಪಘಾತವಾದ ಜಾಗಕ್ಕೆ ಹೋಗಿ, ಸಂಚಾರ ಫಲಕಗಳು ನಿಯಮದ ಎತ್ತರದಲ್ಲಿವೆಯೇ, ಕೊಂಬೆಗಳು ಮರೆಮಾಡಿವೆಯೇ ಎಂದು ಪರೀಕ್ಷಿಸಿ ವರದಿ ಬರೆಯುವುದು ನನ್ನ ಕೆಲಸ.

ಆ ನವೆಂಬರಿನಲ್ಲಿ ಗ್ರೀನ್‌ಫರ್ಡ್ ಹತ್ತಿರದ ಅಂಡರ್‌ಪಾಸ್‌ನಲ್ಲಿ ಸದಾಶಿವ ಎಂಬ ಸೈಕಲ್ ಸವಾರ ಲಾರಿಗೆ ಸಿಕ್ಕಿ ತೀರಿಕೊಂಡ. ಉಡುಪಿ ಕಡೆಯವನು, ಹೋಟೆಲಿನ ಅಡುಗೆಯವನು. ಲಂಡನ್ನಿಗೆ ಬಂದು ಮೂರೇ ವಾರವಾಗಿತ್ತು. ಆ ಅಂಡರ್‌ಪಾಸ್‌ನಲ್ಲಿ ಸೈಕಲ್ ನಿಷಿದ್ಧ; ಪ್ರವೇಶದಲ್ಲೇ ಫಲಕವಿತ್ತು.

"ಫಲಕ ಸ್ವಚ್ಛವಾಗಿದೆ, ದೀಪವೂ ಉರಿಯುತ್ತಿದೆ. ನೋಡಿಯೇ ನುಗ್ಗಿದ್ದಾನೆ," ಎಂದರು ನನ್ನ ಮೇಲಧಿಕಾರಿ ಪೀಟರ್. ನನ್ನ ಅಳತೆಗಳಲ್ಲೂ ಫಲಕದ ದೋಷವೇನೂ ಕಾಣಲಿಲ್ಲ.

ಎರಡು ದಿನಗಳ ನಂತರ, ಸದಾಶಿವನ ಜೊತೆಗೇ ಬಂದು ಅದೇ ಹೋಟೆಲಿನಲ್ಲಿ ಕೆಲಸಕ್ಕಿದ್ದ ತಮ್ಮ ಗಣೇಶ ಆಫೀಸಿಗೆ ಫೋನ್ ಮಾಡಿದ. ಕನ್ನಡ ಬಲ್ಲವನೆಂದು ಕರೆಯನ್ನು ನನಗೆ ಕೊಟ್ಟರು.

"ಸೈಕಲ್ ಹೋಗ್ಬಾರದ ದಾರಿಗೆ ಅಣ್ಣ ಬೇಕಂತಲೇ ಸಾಯ್ಲಿಕ್ಕೆ ಹೋದದ್ದು ಅಂತ ಹೋಟೆಲಲ್ಲಿ ಮಾತಾಡ್ತಾರೆ ಸರ್. ಊರಲ್ಲಿ ಅತ್ತಿಗೆಗೆ ನಾನು ಎಂತ ಹೇಳುದು?"

ಅಂಡರ್‌ಪಾಸ್ ಬಳಿ ಬರಹೇಳಿದೆ. ಅವನೂ ಸೈಕಲ್ಲಿನಲ್ಲೇ ಬಂದ. ಫಲಕ ಕಂಡದ್ದೇ ಕೈ ತೋರಿಸಿದ.

"ನೋಡಿ ಮಾರಾಯ್ರೆ, ಸೈಕಲಿನ ಬೋರ್ಡೇ ಉಂಟಲ್ಲ! ಸೈಕಲ್ ದಾರಿಯಲ್ಲೇ ಹೋದದ್ದು ಅವನು. ಮತ್ತೆ ತಪ್ಪು ಎಂತದ್ದು?"

ನಾನು ತಲೆಯೆತ್ತಿ ನೋಡಿದೆ. ಬಿಳಿ ವೃತ್ತ, ಸುತ್ತ ಕೆಂಪು ಅಂಚು, ನಡುವೆ ಕಪ್ಪು ಸೈಕಲ್. ನಮ್ಮ ದೇಶದ ನಿಷೇಧ ಫಲಕದಲ್ಲಾದರೆ ಸೈಕಲ್ಲಿನ ಮೇಲೊಂದು ಕೆಂಪು ಅಡ್ಡಗೆರೆ ಇರುತ್ತದೆ. ಬ್ರಿಟನ್ನಿನಲ್ಲಿ ಕೆಂಪು ಅಂಚೇ ನಿಷೇಧ. ಸೈಕಲ್ಲಿಗೆ ಗೆರೆ ಎಳೆಯುವುದಿಲ್ಲ. ಸೈಕಲ್ ದಾರಿಯ ಫಲಕ ನೀಲಿ ಬಣ್ಣದ್ದು. ಇದನ್ನು ಗಣೇಶನಿಗೆ ಬಿಡಿಸಿ ಹೇಳಿದೆ.

ಅವನು ಫಲಕದ ಕೆಳಗೆ ಹೋಗಿ ನಿಂತ.

"ಅಂದ್ರೆ ಅಣ್ಣ ಸಾಯ್ಲಿಕ್ಕೆ ಹೋದದ್ದಲ್ಲ."

"ಅಲ್ಲ ಅಂತ್ಲೇ ನನಗನ್ಸುತ್ತೆ. ನಿಮ್ಮ ಹಾಗೇ ಓದಿರ್ಬೇಕು."

"ಆ ಗೆರೆ ಒಂದು ಎಳೀಲಿಕ್ಕೆ ಇವರಿಗೆ ಎಷ್ಟು ಪೈಂಟ್ ಬೇಕಿತ್ತು ಸರ್?"

ರಸ್ತೆ ಬದಿಯ ಫೋನ್ ಬೂತಿನಿಂದ ಅವನು ಊರಿಗೆ ಫೋನ್ ಮಾಡಿದ. "ಅತ್ತಿಗೆ, ಅವನಿಗೆ ಗೊತ್ತಾಗ್ಲಿಲ್ಲ, ಅಷ್ಟೇ," ಎಂದದ್ದು ಹೊರಗೆ ನಿಂತ ನನಗೆ ಕೇಳಿಸಿತು. ಆಮೇಲೆ ಸೈಕಲ್ ಹತ್ತದೆ ತಳ್ಳಿಕೊಂಡೇ ಹೋದ.

ನಡೆದದ್ದನ್ನು ವರದಿಯಲ್ಲಿ ಬರೆದೆ. ಫಲಕ ಕಾನೂನಿನಂತೆ ಸರಿಯಾಗಿದೆ ಎಂಬುದೊಂದನ್ನು ಉಳಿಸಿ, ಪೀಟರ್ ಉಳಿದದ್ದನ್ನು ಹೊಡೆದುಹಾಕಿದರು. ಫಲಕ ಹಾಗೆಯೇ ಉಳಿಯಿತು.

ಫಲಕ ಕಣ್ಣಿಗೆ ಕಾಣುತ್ತದೆಯೇ ಎಂದು ತಿಳಿಯಲು ಅಳತೆಯ ಟೇಪ್ ಸಾಕು. ಅದು ಏನು ಹೇಳುತ್ತಿದೆ ಎಂದು ತಿಳಿಯಬೇಕಾದಾಗ, ಊರಿಗೆ ಹೊಸಬರಾದ ಯಾರನ್ನಾದರೂ ಅದರ ಕೆಳಗೆ ನಿಲ್ಲಿಸಿ ಕೇಳುತ್ತೇನೆ. ಅವರು ಬದುಕಿರುವಾಗಲೇ ಕೇಳಬೇಕು.