ಹೊಸ ಪ್ಯಾಂಟು ಹರಿಯುವ ಕೆಲಸ

ಬಳ್ಳಾರಿಯ ಜೀನ್ಸ್ ಕಾರ್ಖಾನೆಯಲ್ಲಿ ಮೊದಲ ದಿನವೇ ನನ್ನ ಕೈಗೆ ಹೊಚ್ಚ ಹೊಸ ಪ್ಯಾಂಟೊಂದು ಬಂತು. ಮೊಣಕಾಲು ಹರಿದಿತ್ತು. ಶಿಗ್ಗಾವಿ ಕಡೆಯ ದುಂಡಸಿಯಲ್ಲಿ ಹೊಲಿಗೆ ಯಂತ್ರ ತುಳಿದ ಹೆಂಗಸು ನಾನು. ಯಾರನ್ನೂ ಕೇಳದೆ ಕೂತು, ಗುರುತೇ ಸಿಗದಂತೆ ರಫು ಮಾಡಿಕೊಟ್ಟೆ. ಮೇಸ್ತ್ರಿ ತಲೆ ಮೇಲೆ ಕೈ ಹೊತ್ತುಕೊಂಡ. ಆ ಹರಿದದ್ದೇ ಫ್ಯಾಷನ್ನಂತೆ! ಅದನ್ನು ನೋಡಿಕೊಂಡು ಉಳಿದ ಪ್ಯಾಂಟುಗಳನ್ನೂ ಹರಿಯಬೇಕಿತ್ತಂತೆ. ನಮ್ಮಲ್ಲಿ ಹೊಸ ಅರಿವೆಯ ತುದಿಗೆ ಅರಿಶಿನ ಹಚ್ಚದೆ ಮೈಮೇಲೆ ಹಾಕುವುದಿಲ್ಲ. ಇಲ್ಲಿ ಅಂಗಡಿ ಕಾಣುವ ಮೊದಲೇ ಅದಕ್ಕೆ ಬ್ಲೇಡು.

ನಾವು ಬಳ್ಳಾರಿಗೆ ಬಂದದ್ದು ಹಾಡಿಗಾಗಿ. ನಮ್ಮ ಮನೆಯವರು ಭಜನೆಗೆ ಕೂತರೆ ಮೈಕು ಬೇಕಿರಲಿಲ್ಲ, ಕೆರೆ ಏರಿಯವರೆಗೂ ಧ್ವನಿ ಕೇಳುತ್ತಿತ್ತು. ಈಗ ಶಿಗ್ಗಾವಿ, ಸವಣೂರು, ಹಾನಗಲ್ಲಿನ ಹುಡುಗರೆಲ್ಲ ಮೊಬೈಲಿನಲ್ಲಿ ಜಾನಪದ ಆಲ್ಬಂ ಬಿಡುವ ಕಾಲ. ತಾವೂ ಒಂದು ಬಿಡಬೇಕು, ಅದಕ್ಕೆ ದುಡಿದು ಬರೋಣ ಎಂದರು. ನನಗೆ ಪ್ಯಾಂಟು ಹರಿಯುವ ಕೆಲಸ ಸಿಕ್ಕಿತು. ಅವರಿಗೆ ನೇರಳೆ ಔಷಧಿ ಸಿಂಪಡಿಸುವುದು. ಪ್ಯಾಂಟಿನ ತೊಡೆಯ ಮೇಲಿನ ನೀಲಿ ಮಾಸಿ ಬೆಳ್ಳಗಾಗುವುದು ಅದರಿಂದಲೇ.

ತಗಡಿನ ಒಂಟಿ ಕೋಣೆ ನಮ್ಮದು. ಪಕ್ಕದಾಕೆ ದಿನಾ "ತಿನ್ನಾವಾ?" ಎನ್ನುತ್ತಿದ್ದಳು. ತೆಲುಗಿನಲ್ಲಿ ಊಟ ಆಯಿತಾ ಅಂತ. "ತಿನ್ನಾನು" ಎನ್ನಲು ನಾನು ಕಲಿತ ದಿನ ಖುಷಿಯಾಗಿ ಉಗ್ಗಾಣಿ ತಂದುಕೊಟ್ಟಳು. ನಮ್ಮ ಮಂಡಕ್ಕಿಯನ್ನೇ ನೆನೆಸಿ ಒಗ್ಗರಣೆ ಹಾಕಿದ್ದು. ರುಚಿಯಾಗಿತ್ತು. ಆದರೂ ಮಂಡಕ್ಕಿಗೆ ಬೆರೆಸಿ ತಿನ್ನುವ ಸವಣೂರ ಖಾರ ನೆನಪಾಗಿ ಅಳು ಬಂತು.

ಮಳೆಗಾಲಕ್ಕೆ ಇವರಿಗೆ ಕೆಮ್ಮು ಹತ್ತಿತು. ಡಾಕ್ಟರು ಔಷಧಿಯ ಹೊಗೆಯಿಂದ ದೂರವಿರಿ ಎಂದರು.

"ಆ ಕೆಲಸ ಬಿಡ್ರಿ, ಧ್ವನಿ ಹೋಗಾಕತ್ತೈತಿ" ಎಂದೆ.

"ಆಲ್ಬಂ ಒಂದು ಆಗ್ಲಿ ತಡಿ, ಮರುದಿನಾನ ಬಿಡ್ತೇನಿ" ಎಂದು ಮೂಗಿಗೆ ಟವೆಲು ಕಟ್ಟಿಕೊಂಡು ಹೊರಟರು.

ಕೊನೆಗೂ ಹುಬ್ಬಳ್ಳಿಯ ಸ್ಟುಡಿಯೋಕ್ಕೆ ಹೋದೆವು. ಮೇಲಿನ ಸ್ವರಕ್ಕೆ ಏರುತ್ತಲೇ ಇವರ ಗಂಟಲು ಕಟ್ಟಿತು. ನೀರು ಕುಡಿದರು, ಮತ್ತೆ ಹಾಡಿದರು, ಮತ್ತೆ ಕಟ್ಟಿತು. ಕೊನೆಗೆ ಸ್ಟುಡಿಯೋದವರು ಬೇರೊಬ್ಬನಿಂದ ಹಾಡಿಸಿದರು. ವಿಡಿಯೋದಲ್ಲಿ ಇವರು, ನಾನೇ ಬ್ಲೇಡು ಹಾಕಿ ಹರಿದ ಜೀನ್ಸ್ ತೊಟ್ಟು, ಬರೀ ತುಟಿ ಆಡಿಸಿದರು. ನನಗೆ ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯಲಿಲ್ಲ.

ಮರುವರ್ಷ ನಾಗರ ಪಂಚಮಿಗೆ ಊರಿಗೆ ಬಂದರೆ ಅದೇ ಹಾಡು ಎಲ್ಲರ ಮೊಬೈಲಿನಲ್ಲಿ. "ಬಳ್ಳಾರಿಯವ್ರು ಬಂದ್ರು" ಎಂದು ಜನ ಮುತ್ತಿಕೊಂಡರು. ಬಳ್ಳಾರಿಯಲ್ಲಿ ನಮ್ಮನ್ನು ಇಂದಿಗೂ ಶಿಗ್ಗಾವಿಯವರು ಎನ್ನುತ್ತಾರೆ. ಅತ್ತೆ ವಿಡಿಯೋ ನೋಡಿ, "ಪ್ಯಾಂಟ ಹರದೈತಲ್ಲೋ, ಹೊಲಿಯಾಕ ಹೆಂಡ್ತಿ ಇಲ್ಲೇನು?" ಎಂದರು. ಎಲ್ಲರೂ ನಕ್ಕರು. ಹಾಡು ಮುಗಿಯುವವರೆಗೂ ಕೇಳಿ ಅತ್ತೆ ನನ್ನ ಕಡೆ ತಿರುಗಿದರು.

"ಇದು ನನ್ನ ಮಗನ ಧ್ವನಿ ಅಲ್ಲ. ಅದನ್ನ ಎಲ್ಲಿ ಬಿಟ್ಟು ಬಂದ್ರಿ?"

"ಬಳ್ಳಾರಿಯೊಳಗ, ಅತ್ತಿ" ಎಂದೆ. ಇವರು ಎದ್ದು ಹೊರಗೆ ಹೋದರು.

ಮರುದಿನ ಮತ್ತೆ ಹೊರಟೆವು. ಆಲ್ಬಂ ಆಗಿತ್ತು, ಕೆಲಸ ಬಿಡುವ ಮಾತನ್ನು ಇವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಿಟ್ಟು ಊರಿಗೆ ಬಂದರೆ ಜನ ಮೊದಲು ಹೇಳುವುದೇ ಒಂದು ಹಾಡು ಹಾಡ್ರಿ ಅಂತ. ಶಿಗ್ಗಾವಿಯ ಬಸ್ಸಿನಲ್ಲಿ ಯಾರೋ ಆ ಹಾಡನ್ನೇ ಹಾಕಿದರು. ಇವರು ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದರು. ಗಾಜಿನಲ್ಲಿ ನೋಡಿದೆ, ತುಟಿ ಮಾತ್ರ ಆಡುತ್ತಿತ್ತು.