ಮಸ್ಕತ್ತಿನಿಂದ ಹರಿಹರಕ್ಕೆ ಮೂರು ತಾಸು

ಕುಡಿತವಿಲ್ಲ, ಇಸ್ಪೀಟಿಲ್ಲ; ನನಗಿರುವ ಚಟ ಒಂದೇ. ದಾವಣಗೆರೆಯ ಎಸ್.ಎಸ್. ಬಡಾವಣೆಯ ಮನೆಯಲ್ಲಿ ಕಾಫಿ ಹಿಡಿದು ಕೂತು, ಎಂದೂ ಹೋಗದ ಊರುಗಳ ನಡುವಿನ ವಿಮಾನದ ದೂರವನ್ನು ಮೊಬೈಲಿನ ಒಂದು ಪುಟದಲ್ಲಿ ನೋಡುವುದು. ಆ ಪುಟದ ಔದಾರ್ಯ ದೊಡ್ಡದು. ಊರಿಗೆ ವಿಮಾನ ನಿಲ್ದಾಣ ಉಂಟೋ ಇಲ್ಲವೋ ವಿಚಾರಿಸುವುದಿಲ್ಲ. ನಮ್ಮ ಪಕ್ಕದ ಹಳ್ಳಿ ಹದಡಿಯಿಂದ ಟೋಕಿಯೊಗೆ ಎಂದರೂ ನೆಟ್ಟಗೆ ಒಂದು ಗೆರೆ ಎಳೆದು ಇಷ್ಟು ದೂರ, ಇಷ್ಟು ತಾಸು ಎಂದುಬಿಡುತ್ತದೆ. ಇದರಿಂದ ನೆಂಟರಲ್ಲಿ ನನಗೆ ವಿಮಾನದ ವಿಷಯ ಬಲ್ಲವನೆಂಬ ಹೆಸರು ಬಂತು. ನಾನು ವಿಮಾನ ಹತ್ತಿದ್ದು ಒಂದೇ ಸಲ, ಅದೂ ಕಣ್ಣು ಮುಚ್ಚಿಕೊಂಡು.

ಕಳೆದ ವರ್ಷ ಹರಿಹರದಲ್ಲಿ ದೊಡ್ಡಪ್ಪನ ಮಗ ಶಿವಣ್ಣ ತೀರಿಕೊಂಡ. ನಮ್ಮಲ್ಲಿ ಸಾವಿನ ಸುದ್ದಿ ಕೇಳಿದವರು 'ಅಯ್ಯೋ' ಅಂದ ಮರುಕ್ಷಣ ಕೇಳುವುದು, "ಮಣ್ಣು ಎಷ್ಟೊತ್ತಿಗ್ರಿ?" ಹೂಳುವ ಆ ಹೊತ್ತು ಅವನ ತಂಗಿ ಗಿರಿಜೆಯ ಮೇಲೆ ನಿಂತಿತ್ತು. ಅವಳು ಮಸ್ಕತ್ತಿನಲ್ಲಿ ನರ್ಸ್. "ನಮ್ಮೂರ ಟೈಮ್ ಒಂದಕ್ಕೆ ವಿಮಾನ ಬಿಡ್ತೈತೆ. ಅಣ್ಣಗೆ ಮೂರು ಹಿಡಿ ಮಣ್ಣು ನಾನೂ ಹಾಕ್ಬೇಕು, ಬರೋತನ ಇರ್ರಿ" ಎಂದು ಫೋನಿನಲ್ಲಿ ಅತ್ತಿದ್ದಳು. ಹಿರಿಯರು ನನ್ನ ಕಡೆ ತಿರುಗಿದರು. ಪುಟ ಮೂರು ತಾಸು ಎಂದಿತು. "ನಾಲ್ಕಕ್ಕೆ ಇಲ್ಲಿರ್ತಾಳೆ" ಎಂದೆ. ಗುಂಡಿ ತೋಡಲು ಆಳು ಹೋದರು.

ಮೂರು ಗಂಟೆಗೆ, ಗೋಡೆಗೊರಗಿಸಿ ಕೂರಿಸಿದ್ದ ಶಿವಣ್ಣನ ಮುಖ ನೋಡುತ್ತಿದ್ದಾಗ ತಟ್ಟನೆ ಹೊಳೆಯಿತು. ಹರಿಹರದಲ್ಲಿ ವಿಮಾನ ಇಳಿಯುವುದೆಲ್ಲಿ? ಅವಳು ಇಳಿಯುವುದು ಬೆಂಗಳೂರಿನಲ್ಲಿ, ಅಲ್ಲಿಂದ ಇನ್ನೂ ಐದಾರು ತಾಸಿನ ದಾರಿ. ನಾಳೆ ಬೆಳಗ್ಗೆ ಇಟ್ಟುಕೊಳ್ಳೋಣ ಎಂದು ಗೋಗರೆದೆ. ದೊಡ್ಡಪ್ಪ ಒಪ್ಪಲಿಲ್ಲ. "ತೋಡಿದ ಗುಂಡಿ ರಾತ್ರಿ ಖಾಲಿ ಬಿಡಂಗಿಲ್ಲಪ್ಪ. ಅದು ಇನ್ನೊಬ್ರನ್ನ ಕೇಳ್ತೈತೆ."

ನಾಲ್ಕಕ್ಕೆ ರುದ್ರಭೂಮಿಯಲ್ಲಿ ಒಬ್ಬೊಬ್ಬರೂ ಮೂರು ಹಿಡಿ ಮಣ್ಣು ಹಾಕಿ ಹಿಂದೆ ಸರಿದರು. ಗಾಳಿ ಇರಲಿಲ್ಲ. ಯಾರೂ ನಿಂತಿರದ ಆಚೆ ಅಂಚಿನಿಂದ ಒಂದು ಹಿಡಿಯಷ್ಟು ಮಣ್ಣು ಜಾರಿ, ಗುಂಡಿಯಲ್ಲಿ ಕೂರಿಸಿದ್ದ ಶಿವಣ್ಣನ ಮಡಿಲಿಗೆ ಬಿತ್ತು. ಸ್ವಲ್ಪ ತಡೆದು ಇನ್ನೊಂದು. ಆಮೇಲೆ ಮತ್ತೊಂದು. ಅಷ್ಟೇ. ಗುಂಡಿ ತೋಡಿದ ಮುದುಕನಿಗೆ ಗಿರಿಜೆ ಯಾರೆಂದೇ ಗೊತ್ತಿಲ್ಲ. ಅವನು ಸನಿಕೆ ಎತ್ತಿಕೊಂಡು, "ಒಬ್ರು ಬಾಕಿ ಇದ್ರು, ಹಾಕಿದ್ರು. ಇನ್ನು ಮುಚ್ಚನ್ರಿ" ಎಂದ.

ರಾತ್ರಿ ಬಂದು ತಲುಪಿದ್ದ ಗಿರಿಜೆಯ ಎದುರು ಮರುದಿನ ಬೆಳಗ್ಗೆ ತಪ್ಪು ಒಪ್ಪಿಕೊಂಡೆ. ಅವಳು ಬೈಯಲಿಲ್ಲ, ಬಚ್ಚಲಲ್ಲಿ ಕೈ ತಿಕ್ಕುತ್ತಲೇ ಇದ್ದಳು. "ವಿಮಾನದಾಗ ಒಂಚೂರು ಕಣ್ಣು ಹತ್ತಿತ್ತಣ್ಣ. ಎದ್ದಾಗಿಂದ ಉಗುರಾಗೆಲ್ಲ ಮಣ್ಣು ಐತೆ ಅನ್ಸ್ತೈತೆ. ಎಷ್ಟು ತೊಳೆದ್ರೂ ಹೋಗ್ತಿಲ್ಲ." ಕಣ್ಣು ಹತ್ತಿದ್ದು ಎಷ್ಟೊತ್ತಿಗೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಆ ಪುಟವನ್ನು ಈಗ ನಾನು ಬೈಯುವುದಿಲ್ಲ. ನೆಂಟರು ಇನ್ನೂ ಫೋನು ಮಾಡಿ, ಇಂಥಲ್ಲಿಂದ ಬರಲು ಎಷ್ಟು ತಾಸು ಎಂದು ಕೇಳುತ್ತಾರೆ. "ಮೈ ತಗಂಡು ಬರ್ತಾರೋ, ಬಿಟ್ಟು ಬರ್ತಾರೋ?" ಎಂದು ಮೊದಲು ವಿಚಾರಿಸುತ್ತೇನೆ. ನಗಬೇಡಿ, ಅದರ ಮೇಲೆ ಹೊತ್ತು ಬದಲಾಗುತ್ತದೆ.